ಫೋಟೊ ನೋಡ್ಲಿಕ್ಕೆ ಲಾಗಿನ್ ಯಾಕ್ರಿ?

ಫೋಟೊ ತೋರಿಸೋ ಸಾಫ್ಟ್‌ವೇರ್ ಮಾಡಬೇಕಾದ ಕೆಲಸ ನಾಲ್ಕೇ ನಾಲ್ಕು. ಡಬಲ್ ಕ್ಲಿಕ್ ಮಾಡಿದ ಕೂಡಲೇ ತೆರೆಯಬೇಕು. ಬಾಣದ ಕೀಲಿ ಒತ್ತಿದರೆ ಮುಂದಿನದು ಬರಬೇಕು. ಬೇಕಾದ ಜಾಗ ಝೂಮ್ ಆಗಬೇಕು. ಸ್ಲೈಡ್‌ಶೋ ಹಚ್ಚಿಬಿಟ್ಟರೆ ತಾನಾಗಿ ಓಡಬೇಕು. 20 ವರ್ಷದ ಹಿಂದಿನ ಕಂಪ್ಯೂಟರ್ ಇದನ್ನ ನಿಯತ್ತಾಗಿ ಮಾಡ್ತಿತ್ತು. ಈಗಿನ ಆ್ಯಪ್‌ಗಳಿಗೆ ಇದೇ ಭಾರ ಆಗ್ಯದ. ಲಾಗಿನ್ ಆಗ್ರಿ, ಕ್ಲೌಡ್‌ಗೆ ಏರಿಸ್ಲಾ, ಹಿನ್ನೆಲೆ ಅಳಿಸ್ಲಾ ಅಂತ ಕೇಳ್ತಾವ. ಅಷ್ಟರೊಳಗೆ ಪರದೆ ನಡುವೆ ಚಕ್ರ ತಿರುಗ್ತಿರ್ತದ. ಫೋಟೊ ಮಾತ್ರ ವಾಡಿ ಜಂಕ್ಷನ್ ಹೊರಗೆ ಸಿಗ್ನಲ್ ಕಾಯೋ ಗೂಡ್ಸ್ ಗಾಡಿ ಹಂಗ ನಿಂತಿರ್ತದ.

‘ಎಲ್ಲಾರೂ ಫೋನಲ್ಲೇ ನೋಡ್ತಾರೆ ಗುರು, ಡೆಸ್ಕ್‌ಟಾಪ್ ಯಾರಿಗೆ ಬೇಕು?’ ಅಂತ ನಮ್ಮ ಆಫೀಸಿನ ಮಂದಿ ಕೇಳ್ತಾರೆ. ಸೇಡಂ, ಚಿತ್ತಾಪುರ ಕಡೆ ಬಂದು ನೋಡ್ರಿ. ಮದುವೆ ಆದಮೇಲೆ ಸ್ಟುಡಿಯೋದವರು ಸಾವಿರಗಟ್ಟಲೆ ಫೋಟೊ ಪೆನ್‌ಡ್ರೈವ್‌ನಲ್ಲಿ ಕೊಡ್ತಾರೆ. ಅದನ್ನ ನೋಡ್ಲಿಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕೂಡ್ತಾರೆ. ಆರಿಂಚಿನ ಪರದೆ ಅಜ್ಜಿಯ ಕಣ್ಣಿಗೆ ಸಾಲೋದಿಲ್ಲ. ತಹಶೀಲ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಹಳೇ ಪಹಣಿಯ ಸ್ಕ್ಯಾನ್ ತೆರೆದು, ಸರ್ವೆ ನಂಬರಿನಾಗ ಇರೋದು 1 ಏನು 7 ಏನು ಅಂತ ಹಿಗ್ಗಿಸಿ ನೋಡ್ತಾರೆ. ಅಲ್ಲಿ ಝೂಮ್ ಅಂದರೆ ಶೋಕಿ ಅಲ್ಲ. ಹೊಲದ ಪ್ರಶ್ನೆ.

ಲೆಕ್ಕಾನೂ ಇದನ್ನೇ ಹೇಳ್ತದ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000×3000 ಚುಕ್ಕಿ. ನಮ್ಮ ಕಡೆಯ ಹಳೇ 1366×768 ಮಾನಿಟರಿನಲ್ಲಿ ಅದು ಪೂರ್ತಿ ಕಾಣಬೇಕೆಂದರೆ 1024×768ಕ್ಕೆ ಕುಗ್ಗಬೇಕು. ಅಂದರೆ 15ರಲ್ಲಿ ಒಂದು ಪಾಲು. ಉಳಿದ 14 ಪಾಲು ಝೂಮ್ ಮಾಡಿದಾಗಲೇ ಕಾಣೋದು. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಸಿಕ್ಕ ಶಿಲ್ಪದಲ್ಲಿ ಅಶೋಕ ರಾಣಿಯರ ಜೊತೆ ನಿಂತಿದ್ದಾನೆ. ಅವನೇ ಅಶೋಕ ಅಂತ ಹೇಳೋದು ಅಲ್ಲಿ ಕೊರೆದ ಪುಟ್ಟ ಬ್ರಾಹ್ಮಿ ಅಕ್ಷರಗಳು: ‘ರಾಯೋ ಅಸೋಕೋ’. ಶಾಲೆಯ ಮೇಷ್ಟ್ರು ಆ ಫೋಟೊ ತೋರಿಸುವಾಗ ಅಕ್ಷರ ಹಿಗ್ಗಿಸಲಿಕ್ಕೆ ಆಗದಿದ್ದರೆ, ಮಕ್ಕಳಿಗೆ ಕಾಣೋದು ಬರೇ ಕಲ್ಲು.

ಹಾಗಾದರೆ ಯಾವುದು ಒಳ್ಳೇದು? ಬಾಸ್ನಿಯಾ ಮೂಲದ ಇರ್ಫಾನ್ ಸ್ಕಿಲ್ಯಾನ್ 1996ರಲ್ಲಿ ಹೊರತಂದ ಇರ್ಫಾನ್‌ವ್ಯೂ ಇನ್ನೂ ಗಟ್ಟಿಯಾಗಿದೆ. ಕೆಲವೇ ಎಂಬಿ ಗಾತ್ರ, ನೆಟ್ ಬೇಡ. W ಒತ್ತಿದರೆ ಸ್ಲೈಡ್‌ಶೋ ಪಟ್ಟಿ ಬರ್ತದ. ನೋಟ ಮಾತ್ರ ಹಳೇ ಸರ್ಕಾರಿ ಆಫೀಸಿನಂಗ, ಒಪ್ಪಿದೆ. ಫಾಸ್ಟ್‌ಸ್ಟೋನ್‌ನಲ್ಲಿ ಪೂರ್ತಿ ಪರದೆಗೆ ಹೋಗಿ ಮೌಸ್ ಗುಂಡಿ ಒತ್ತಿ ಹಿಡಿದರೆ ಭೂತಗನ್ನಡಿ. 4 ಫೋಟೊ ಪಕ್ಕಪಕ್ಕ ಇಟ್ಟು ಹೋಲಿಸಬಹುದು, ಸ್ಲೈಡ್‌ಶೋಗೆ ಹಾಡು ಸೇರಿಸಬಹುದು. ಮದುವೆ ಮನೆಗೆ ನನ್ನ ಓಟು ಇದಕ್ಕೇ. ಆದರೆ ಇವೆರಡೂ ಮನೆ, ಶಾಲೆಯಂಥ ಬಳಕೆಗಷ್ಟೇ ಪುಕ್ಕಟೆ, ಅಂಗಡಿಯವರು ಲೈಸೆನ್ಸ್ ಕೊಳ್ಳಬೇಕು. ಝೆರಾಕ್ಸ್ ಅಂಗಡಿಗೆ ಮುಕ್ತ ತಂತ್ರಾಂಶ ನೋಮ್ಯಾಕ್ಸ್ ಸರಿ. ಎರಡು ಕಿಟಕಿ ಜೋಡಿಸಿ ಒಂದರಲ್ಲಿ ಝೂಮ್ ಮಾಡಿದರೆ ಇನ್ನೊಂದರಲ್ಲೂ ಅದೇ ಜಾಗ ಹಿಗ್ತದ. ಹಳೇ ಪಹಣಿ, ಹೊಸ ಪಹಣಿ ಹೋಲಿಸಲಿಕ್ಕೆ ಹೇಳಿ ಮಾಡಿಸಿದಂಗ. ಲಿನಕ್ಸ್ ಇದ್ದವರಿಗೆ ಜಿಥಂಬ್, ಗ್ವೆನ್‌ವ್ಯೂ ಇವೆ.

ಚೆಂದದ ಪಿಕಾಸಾ ಬಗ್ಗೆ ಯಾಕೆ ಹೇಳಲಿಲ್ಲ ಅಂತೀರಾ? ಗೂಗಲ್ 2004ರಲ್ಲಿ ಕೊಂಡು, 2016ರಲ್ಲಿ ನಿಲ್ಲಿಸಿತು. ಮುಖಗಳಿಗೆ ಒಂದೊಂದಾಗಿ ಹೆಸರು ಹಚ್ಚಿ ಕೂತಿದ್ದವರಿಗೆ ಸಿಕ್ಕ ಉತ್ತರ, ಇನ್ನು ಕ್ಲೌಡ್‌ಗೆ ಬರ್ರಿ. ನೆಟ್ ಹೋದ ದಿನ ಚಿಂಚೋಳಿ ತಾಂಡಾದ ಮುದುಕಿ, ಮುಂಬೈಗೆ ದುಡಿಯಲಿಕ್ಕೆ ಹೋದ ಮಗನ ಮುಖಾನ ಯಾವ ಕ್ಲೌಡ್‌ನಲ್ಲಿ ಹುಡುಕಬೇಕು? ಕ್ಲೌಡ್ ಬ್ಯಾಡ ಅಂತಲ್ಲ, ಬ್ಯಾಕಪ್‌ಗೆ ಇರಲಿ. ಆದರೆ ಮನೆಯ ಡಿಸ್ಕಿನಲ್ಲೇ ಇರೋ ಫೋಟೊ ನೋಡಲಿಕ್ಕೆ ಅದರ ಪರವಾನಗಿ ಯಾಕೆ?

ತಪ್ಪು ಬಳಕೆದಾರರದಲ್ಲ, ನಮ್ಮಂಥ ಸಾಫ್ಟ್‌ವೇರ್ ಮಂದೀದು. 32 ಜಿಬಿ ರ‍್ಯಾಮ್, ಫೈಬರ್ ನೆಟ್ ಇಟ್ಕೊಂಡು ಬರೆದ ಕೋಡನ್ನ 4 ಜಿಬಿ ಮಷೀನಿನಲ್ಲಿ ಒಂದು ಸಲಾನೂ ಓಡಿಸಿ ನೋಡೋದಿಲ್ಲ. ಹೊಸ ಫೀಚರ್ ತಂದವನಿಗೆ ಪ್ರಮೋಷನ್ ಸಿಗ್ತದ. ಇದ್ದದ್ದನ್ನ ಕೆಡಿಸದೆ ಉಳಿಸಿದವನಿಗೆ ಏನೂ ಇಲ್ಲ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಹತ್ತು ನಿಮಿಷ ಕೊಡ್ರಿ. ಮನೆಯ ಕಂಪ್ಯೂಟರಿಗೆ ಇವುಗಳಲ್ಲಿ ಒಂದನ್ನ ಹಾಕಿ, ಡೀಫಾಲ್ಟ್ ಮಾಡಿ ಬರ್ರಿ. ವಾಟ್ಸ್ಯಾಪ್‌ನಲ್ಲಿ ಫೋಟೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸ್ರಿ. ಕುಗ್ಗಿದ ಫೋಟೊಗೆ ಯಾವ ಝೂಮೂ ಜೀವ ಕೊಡೋದಿಲ್ಲ. ಆಮೇಲೆ ಆಫೀಸಿಗೆ ಬಂದು ನಿಮ್ಮದೇ ಆ್ಯಪ್ ಬಗ್ಗೆ ಇದೇ ಪ್ರಶ್ನೆ ಕೇಳ್ರಿ. ನಮ್ಮ ಶಹಾಬಾದ್ ಕಲ್ಲು ಒಮ್ಮೆ ಹಾಸಿದರೆ ತಲೆಮಾರು ನಡೀತದ. ಅಪ್‌ಡೇಟ್ ಕೇಳೋದಿಲ್ಲ, ಲಾಗಿನ್ ಕೇಳೋದಿಲ್ಲ. ಒಂದು ಫೋಟೊ ತೋರಿಸೋ ಪ್ರೋಗ್ರಾಮಿಗೆ ಅಷ್ಟು ಮರ್ಯಾದೆ ಇರಬ್ಯಾಡೇನು?