ಧಾರೆಗೆ ಮುಂಚಿನ ಫೋಟೋ

ಮದುವೆಗೆ ಮುಂಚೆಯೇ ವಧೂವರರು ಜೊತೆಯಾಗಿ ನಿಂತು ಫೋಟೋ ತೆಗೆಸಿಕೊಳ್ಳುವ ಪದ್ಧತಿ ಈಗ ನಮ್ಮ ಹಳ್ಳಿಗಳಿಗೂ ಬಂದಿದೆ. ಇದು ಹಣವಂತರ ಹುಚ್ಚೆಂದು ನಗುವವರಲ್ಲಿ ನಾನೂ ಒಬ್ಬನಾಗಿದ್ದೆ. ಕಳೆದ ವರ್ಷ ನಮ್ಮಕ್ಕನ ಮದುವೆಯಾದ ಮೇಲೆ ನನ್ನ ಅಭಿಪ್ರಾಯವನ್ನು ತಿದ್ದಿಕೊಂಡಿದ್ದೇನೆ. ಅದರ ಕಾರಣಗಳನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾತು ಎದ್ದಾಗ ಮೊದಲು ವಿರೋಧಿಸಿದವರು ನಮ್ಮಜ್ಜಿ. “ಧಾರೆ ಹೊತ್ತಿನಲ್ಲಿ ಅಂತರಪಟ ಹಿಡಿಯೋದು ಯಾಕೋ? ಮೊದಲೇ ಮುಖ ನೋಡಿ ಮುಗಿಸಿದವರಿಗೆ ಆ ಬಟ್ಟೆ ಯಾಕೆ ಬೇಕು?” ಎಂದರು. ತಳ್ಳಿಹಾಕುವಂಥ ಪ್ರಶ್ನೆಯಲ್ಲ ಅದು.

ಆದರೂ ಭಾವನವರ ಮನೆಯವರ ಇಚ್ಛೆಯಂತೆ ಒಂದು ಭಾನುವಾರ ಮೇಲುಕೋಟೆಗೆ ಹೊರಟೆವು. ಅಕ್ಕನ ಜೊತೆಗೆ ನಾನು ಕಾವಲು! ಎಳೆಬಿಸಿಲಿನಲ್ಲಿ ಕಲ್ಯಾಣಿಯ ಮೆಟ್ಟಿಲ ಮೇಲೆ, ಆಮೇಲೆ ರಾಯಗೋಪುರದ ನಾಲ್ಕು ಎತ್ತರದ ಕಂಬಗಳ ನಡುವೆ ಫೋಟೋಗ್ರಾಫರು ಇಬ್ಬರನ್ನೂ ನಿಲ್ಲಿಸಿದರು. ಮೊದಲ ಒಂದು ಗಂಟೆ ಅಕ್ಕ ತಲೆಯೆತ್ತಲಿಲ್ಲ. ಭಾವನವರಿಗೆ ತಮ್ಮ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಬಿಸಿಲೇರಿದ ಮೇಲೆ ಕೆಲಸ ನಿಂತಿತು. ಸಂಜೆಯ ಬೆಳಕಿಗಾಗಿ ಕಾಯುತ್ತ ಇಬ್ಬರೂ ಮಂಟಪದ ನೆರಳಿನಲ್ಲಿ ಕುಳಿತು, ಪುಳಿಯೋಗರೆ ತಿಂದು, ಮಾತಿಗೆ ತೊಡಗಿದರು.

ಹೆಣ್ಣು ನೋಡುವ ದಿನ ಹತ್ತು ಜನ ಹಿರಿಯರ ನಡುವೆ ಆಡಲಾಗದಿದ್ದ ಮಾತನ್ನು ಅಕ್ಕ ಅಂದು ಆಡಿದಳು. ತನ್ನ ಬಿ.ಎಡ್. ಮುಗಿಯಲು ಇನ್ನೂ ಒಂದು ವರ್ಷವಿದೆ, ಅದನ್ನು ಬಿಡಲಾರೆ ಎಂದಳು. “ನಮ್ಮಮ್ಮನಿಗೆ ನಾನೇ ಹೇಳ್ತೀನಿ” ಎಂದರು ಭಾವ. ಹೇಳಿದರು ಕೂಡ. ಈಗ ಅಕ್ಕ ಕಡೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಆ ದಿನದ ನೂರಾರು ಚಿತ್ರಗಳಲ್ಲಿ ಈ ಮಾತುಕತೆಯದು ಒಂದೂ ಇಲ್ಲ. ಆದರೆ ಅಂದಿನ ದೊಡ್ಡ ಲಾಭ ಅದೇ.

ಇನ್ನೊಂದು ಲಾಭವೂ ಉಂಟು. ಮದುವೆಯ ದಿನ ಚಿತ್ರಕ್ಕೆ ಬಿಡುವೆಲ್ಲಿ? ನಿದ್ದೆಗೆಟ್ಟ ಕಣ್ಣು, ಹೋಮದ ಹೊಗೆ, ಉಡುಗೊರೆ ಹಿಡಿದು ನಿಂತವರ ಸಾಲು. ಬೇಕಾದ ಚಿತ್ರಗಳು ಮೊದಲೇ ಸಿಕ್ಕಿದ್ದರಿಂದ ನಮ್ಮ ಮನೆಯ ಮದುವೆಯಲ್ಲಿ ಪುರೋಹಿತರನ್ನು ತಡೆದು “ತಾಳಿ ಇನ್ನೊಮ್ಮೆ ಹಿಡೀರಿ” ಎಂದವರಿಲ್ಲ.

ಆದರೆ ಮಿತಿ ಬೇಕು. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ಇಂಥದೇ ಚಿತ್ರಕ್ಕಾಗಿ ತೆಪ್ಪವೇರಿದ ಜೋಡಿಯೊಂದು ಮುಳುಗಿಹೋಯಿತು. ಲಗ್ನಕ್ಕೆ ಕೆಲವೇ ದಿನಗಳಿದ್ದವು. ಚಿತ್ರಕ್ಕಾಗಿ ಜೀವವನ್ನೊಡ್ಡುವುದು ಸಲ್ಲದು. ಸಾಲ ಮಾಡುವುದೂ ಸಲ್ಲದು. ಊರಿನ ತೋಪು, ಕೆರೆಯ ಏರಿ, ಮನೆಯ ಜಗಲಿ ಇವುಗಳಿಗೆ ಬಾಡಿಗೆಯಿಲ್ಲ. ಒಂದು ದಿನದ ಬಿಡುವು, ಒಂದು ಕ್ಯಾಮೆರಾ ಸಾಕು.

ಅಜ್ಜಿಯ ಪ್ರಶ್ನೆಗೆ ಉತ್ತರ ಮಂಟಪದಲ್ಲೇ ದೊರೆಯಿತು. ಅಂತರಪಟ ಸರಿದಾಗ ಅಕ್ಕ ಅಂಜಲಿಲ್ಲ. ಎದುರಿಗಿದ್ದವರನ್ನು ಕಂಡು ನಕ್ಕಳು. ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈ ಹಿಡಿದು, “ನಿಮ್ಮ ತಾತನ ಮುಖ ನಾನು ಸರಿಯಾಗಿ ನೋಡಿದ್ದು ಮದುವೆಯಾಗಿ ತಿಂಗಳಾದ ಮೇಲೆ ಕಣೋ” ಎಂದರು.

ಮಿತ್ರರೇ, ನಾಳೆ ನಿಮ್ಮ ಮನೆಗಳಲ್ಲೂ ಈ ಮಾತು ಏಳುತ್ತದೆ. ಆಗ ಖರ್ಚನ್ನು ಕಡಿಮೆ ಮಾಡಿಸಿ. ಆದರೆ ಆ ಇಬ್ಬರಿಗೆ ಮಾತನಾಡಲು ಸಿಗುವ ಒಂದು ಮಧ್ಯಾಹ್ನವನ್ನು ಮಾತ್ರ ತಪ್ಪಿಸಬೇಡಿ.