ಹೆಂಚಿನ ರೇಟು ಕೇಳಿ ಮಾಡು ಬಿಚ್ಚಬೇಡಿ: ದುಡ್ಡು ಹೋಗುವುದು ಬೇರೆ ಕಡೆ

ಮಂಡಗದ್ದೆ: ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ನಮ್ಮ ಕಡೆ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತೆ. ಎಲ್ಲಿ ಸೋರಿತ್ತು, ಮಂಗ ಎಲ್ಲಿ ಹೆಂಚು ಒಡೆದಿತ್ತು ಅಂತ. ಮೊದಲಾದರೆ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿದರೆ ಮುಗೀತಿತ್ತು. ಈಗ ಕೈಯಾಡಿಸೋ ಜನವೇ ಸಿಗಲ್ಲ. ಹಾಗಾಗಿ ಪೂರ್ತಿ ಮಾಡು ಬದಲಿಸುವ ಮಾತು ಬಹಳ ಮನೆಗಳಲ್ಲಿ ನಡೀತಿದೆ. ಆದರೆ ಖರ್ಚು ಅಂದುಕೊಂಡಿದ್ದಕ್ಕಿಂತ ದುಪ್ಪಟ್ಟಾಗೋದು ಯಾಕೆ?

ಹತ್ತು ಚದರದ ಮನೆ, ಹದಿನಾರೂವರೆ ಚದರದ ಮಾಡು

ಮೊದಲ ತಪ್ಪು ಅಳತೆಯಲ್ಲೇ ಆಗುತ್ತೆ. 25 ಅಡಿ ಅಗಲ, 40 ಅಡಿ ಉದ್ದದ ಮನೆ ಅಂದರೆ ನೆಲದ ಲೆಕ್ಕದಲ್ಲಿ ಹತ್ತು ಚದರ. ಆದರೆ ಗೋಡೆ ನೆನೆಯಬಾರದು ಅಂತ ಸುತ್ತ ಮೂರಡಿ ಸೂರು ಬಿಡುತ್ತೇವೆ. ಅಲ್ಲಿಗೆ 31ಕ್ಕೆ 46 ಅಡಿ. ಇಳಿಜಾರು 30 ಡಿಗ್ರಿ ಇದ್ದರೆ ಮತ್ತೆ ಶೇ. 15ರಷ್ಟು ಜಾಸ್ತಿ. ಒಟ್ಟು ಸುಮಾರು 1,650 ಚದರ ಅಡಿ. ಅಂದರೆ ಹದಿನಾರೂವರೆ ಚದರ.

ಮಂಗಳೂರು ಹೆಂಚು ಒಂದು ಚದರಕ್ಕೆ ಹತ್ತಿರ ಹತ್ತಿರ 145 ಬೇಕು. ಈ ಮನೆಗೆ 2,400 ಹೆಂಚು. ಒಂದೊಂದು ಎರಡೂವರೆ ಕೆಜಿ ಹಿಡಿದರೂ ಆರು ಟನ್ ಭಾರ. ಒಡೆಯೋದಕ್ಕೆ ಅಂತ ನೂರೈವತ್ತು ಹೆಚ್ಚಿಗೆ ತರಿಸಲೇಬೇಕು.

ಹೆಂಚಿಗೆ ಒಂದು ರೂಪಾಯಿ ಏರಿದರೆ ಈ ಮನೆಗೆ ಬೀಳುವ ಹೊರೆ 2,400 ರೂಪಾಯಿ ಅಷ್ಟೇ. ಅದೇ ನಾಲ್ಕು ಜನ ಹತ್ತು ದಿನ ಕೆಲಸ ಮಾಡಿ, ಕೂಲಿ ತಲೆಗೆ ನೂರು ಏರಿದರೆ 4,000. ನಾವು ಅಂಗಡಿಯಲ್ಲಿ ಚೌಕಾಸಿ ಮಾಡುವುದು ಹೆಂಚಿಗೆ, ದುಡ್ಡು ಹೋಗುವುದು ಕೆಲಸಕ್ಕೆ ಮತ್ತು ಮರಕ್ಕೆ.

ಬಿಚ್ಚಿದ ಮೇಲೇ ಗೊತ್ತಾಗೋದು

ಹೋದ ವರ್ಷ ನಮ್ಮನೆ ಹಿಂದಿನ ಮಾಡಿಗೆ ಹೆಂಚು ಬದಲಿಸೋಣ ಅಂತ ಹೊರಟೆವು. ಇಳಿಸಿ ನೋಡಿದರೆ ಪಕಾಸಿನ ತುದಿಗಳನ್ನು ಒರಲೆ ತಿಂದಿತ್ತು. ಕೈಯಲ್ಲಿ ಹಿಡಿದರೆ ರೀಪು ಪುಡಿ ಪುಡಿ. ಹಳೆ ಹೆಂಚು ಮಾತ್ರ ಮುಕ್ಕಾಲು ಪಾಲು ಗಟ್ಟಿಯಾಗೇ ಇತ್ತು! ಹೆಂಚಿಗೆ ಅಂತ ಇಟ್ಟ ದುಡ್ಡು ಮರಕ್ಕೆ ಹೋಯ್ತು, ಮೇಲೆ ಸೊಸೈಟಿ ಸಾಲ.

ಸುತ್ತ ಕಾಡಿದ್ದರೂ ಮರ ನಮಗೆ ಸಸ್ತಾ ಅಲ್ಲ. ಸ್ವಂತ ಜಾಗದ ಮರವಾದರೂ ಸಾಗುವಾನಿ, ಬೀಟೆಯಂಥ ಜಾತಿ ಕಡಿಯಲು, ಸಾಗಿಸಲು ಅರಣ್ಯ ಇಲಾಖೆ ಅನುಮತಿ ಬೇಕು. ಅದಾದ ಮೇಲೆ ಕೊಯ್ಸೋ ಖರ್ಚು, ಬಾಡಿಗೆ, ಒಣಗಲು ಸಮಯ. ಏಪ್ರಿಲ್‌ನಲ್ಲಿ ಅರ್ಜಿ ಹಾಕಿ ಮೇ ತಿಂಗಳಲ್ಲಿ ಮಾಡು ಏರಿಸುತ್ತೇನೆ ಅಂದರೆ ಆಗೋ ಮಾತಲ್ಲ. ಅದಕ್ಕೇ ಈಗ ಹೆಚ್ಚಿನವರು ಪಕಾಸಿನ ಜಾಗಕ್ಕೆ ಕಬ್ಬಿಣದ ಪೈಪ್ ಹಾಕಿಸುತ್ತಿದ್ದಾರೆ.

ಸಾಗಾಟದ್ದೂ ಒಂದು ಕತೆ. ಆರು ಟನ್ ಹೆಂಚು ಕರಾವಳಿಯಿಂದ ಘಾಟಿ ಹತ್ತಿ ಬರಬೇಕು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಕ್ಕೆ ನಿರ್ಬಂಧ ಬಿದ್ದರೆ ಸುತ್ತು ದಾರಿಯೇ ಗತಿ. ಹೆದ್ದಾರಿ ಪಕ್ಕದ ಮನೆಗೆ ಲೋಡ್ ಸೀದಾ ಬರುತ್ತೆ. ಒಳಗಿನ ಹಳ್ಳಿಗಾದರೆ ಲಾರಿಯಿಂದ ಇಳಿಸಿ ಪಿಕಪ್‌ಗೆ ತುಂಬಬೇಕು. ಕೂಲಿ ಎರಡು ಸಲ, ಒಡೆಯೋದೂ ಎರಡು ಸಲ.

ಹಾಗಾದರೆ ಶೀಟ್ ಹಾಕಿಸೋದೇ?

ಬಣ್ಣದ ತಗಡು ಶೀಟ್ ಹೆಚ್ಚುಕಡಿಮೆ ಹೆಂಚಿನ ಹತ್ತನೇ ಒಂದು ಪಾಲಿನಷ್ಟೇ ಭಾರ. ಮರ ಕಡಿಮೆ ಸಾಕು, ಎರಡು ಮೂರು ದಿನದಲ್ಲಿ ಕೆಲಸ ಮುಗಿಯುತ್ತೆ, ಮಂಗನ ಕಾಟಕ್ಕೂ ಹೆದರಬೇಕಿಲ್ಲ. ಆರ್‌ಸಿಸಿ ಮನೆಯವರೂ ಸೋರಿಕೆ ತಾಳಲಾರದೆ ಮೇಲೊಂದು ಶೀಟ್ ಮಾಡು ಕಟ್ಟಿಸುತ್ತಿರುವುದು ಇದಕ್ಕೇ. ಆದರೆ ಬೇಸಿಗೆಯಲ್ಲಿ ಕಾವು, ಮಳೆ ಬಂದರೆ ಪಕ್ಕದವರ ಮಾತೂ ಕೇಳಿಸದಷ್ಟು ಸದ್ದು. ಒಳಗೆ ಸೀಲಿಂಗ್ ಮಾಡಿಸಿದರೆ ಉಳಿದ ದುಡ್ಡು ಅಲ್ಲಿಗೆ. ಶೀಟ್ ತಗೊಳ್ಳುವಾಗ ಬಣ್ಣಕ್ಕಿಂತ ಮೊದಲು ದಪ್ಪ ಎಷ್ಟು ಮಿಲಿಮೀಟರ್ ಅಂತ ಕೇಳಿ, ಬಿಲ್‌ನಲ್ಲಿ ಬರೆಸಿ. ಎರಡು ಅಂಗಡಿಯ ರೇಟಿನ ವ್ಯತ್ಯಾಸ ಹೆಚ್ಚಾಗಿ ಅಲ್ಲೇ ಇರುತ್ತೆ.

ಹಳೆ ಆಸ್ಬೆಸ್ಟಾಸ್ ಶೀಟ್ ಇದ್ದವರು ಒಡೆದು ಇಳಿಸಬೇಡಿ. ಅದರ ಧೂಳು ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಬೇಕು. ರೆಸಾರ್ಟ್‌ಗಳಲ್ಲಿ ಕಾಣುವ ಡಾಂಬರಿನ ಶಿಂಗಲ್ಸ್ ಚೆಂದವೇನೋ ಹೌದು, ಆದರೆ ಅದರ ಕೆಳಗೆ ಪೂರ್ತಿ ಹಲಗೆ ಅಥವಾ ಸ್ಲ್ಯಾಬ್ ಬೇಕು. ಸಾಮಾನ್ಯ ಮನೆಗೆ ಲೆಕ್ಕ ಕೂಡಲ್ಲ.

ಪರಿಹಾರ ನಂಬಿ ಕೂತರೆ?

ಗಾಳಿಮಳೆಗೆ ಹೋದರೆ ಸರ್ಕಾರ ಕೊಡುತ್ತಲ್ಲ ಅನ್ನುವವರಿದ್ದಾರೆ. ಕೇಂದ್ರದ 2022-26ರ ವಿಪತ್ತು ಪರಿಹಾರ ಮಾರ್ಗಸೂಚಿ ಪ್ರಕಾರ, ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ ನಿಗದಿಯಾಗಿದ್ದು 6,500 ರೂಪಾಯಿ, ಕಚ್ಚಾ ಮನೆಗೆ 4,000. ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000. ಕೆಲವು ವರ್ಷ ರಾಜ್ಯ ಸರ್ಕಾರ ತನ್ನ ಕೈಯಿಂದ ಸೇರಿಸಿ ಕೊಟ್ಟಿದ್ದುಂಟು, ಅದನ್ನೇ ನೆಚ್ಚಿಕೊಳ್ಳಲು ಆಗಲ್ಲ. 2,400 ಹೆಂಚಿನ ಮಾಡಿಗೆ 6,500 ರೂಪಾಯಿ ಅಂದರೆ ಹೆಂಚಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಕೂಲಿ, ಮರ ಬೇರೆ. ಮಲೆನಾಡಿನ ಮಾಡಿನ ಖರ್ಚು ಬಲ್ಲವರು ಯಾರೂ ಈ ಮೊತ್ತ ಬರೆದಿರಲಿಕ್ಕಿಲ್ಲ. ನಮ್ಮ ಜನಪ್ರತಿನಿಧಿಗಳು ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿವರೆಗೆ ನಮ್ಮ ಕೈಲಿರೋದು ಇಷ್ಟು: ಮಾಡು ಬಿಚ್ಚುವ ಮೊದಲು ಬಡಗಿಯನ್ನು ಅಟ್ಟಕ್ಕೆ ಹತ್ತಿಸಿ ಪಕಾಸು, ರೀಪು ತಟ್ಟಿ ನೋಡಿಸಿ. ಗಟ್ಟಿ ಇರುವ ಹಳೆ ಹೆಂಚು ಎಸೆಯಬೇಡಿ, ಮುಂದಿನ ಮಾಡಿಗೆ ಹೊಸದು, ಹಿಂದಿನದಕ್ಕೆ ಹಳೆಯದು ಹಾಕಿ. ಬಡಗಿಗೆ ಫೆಬ್ರವರಿಯಲ್ಲೇ ದಿನ ಹೇಳಿ, ಮೇ ತಿಂಗಳಲ್ಲಿ ಎಲ್ಲರಿಗೂ ಅವರೇ ಬೇಕು. ಹಾನಿಯಾದರೆ ರಿಪೇರಿಗೆ ಮುಂಚೆ ಫೋಟೋ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಕಡಿಮೆಯೋ ಹೆಚ್ಚೋ, ಬರುವ ದುಡ್ಡು ಬಿಡುವುದು ಯಾಕೆ?