ಒಂದೇ ಫುಟ್‌ಪಾತ್, ಎರಡು ಹಕ್ಕು

ಬೆಂಗಳೂರಿನ ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸಿನ ಸುತ್ತ ಸಂಜೆ ನಡೆದವರಿಗೆ ಆ ಇಕ್ಕಟ್ಟು ಗೊತ್ತು. ಒಂದೆಡೆ ಹೂವಿನ ಬುಟ್ಟಿ, ಪಕ್ಕದಲ್ಲಿ ಬಟ್ಟೆಯ ರಾಶಿ, ಬಳೆ, ಸೊಪ್ಪು. ಉಳಿದ ಸಂದಿಯಲ್ಲಿ ಊರುಗೋಲು ಹಿಡಿದ ಹಿರಿಯರು ಮೈ ಓರೆ ಮಾಡಿಕೊಂಡು ಸಾಗಬೇಕು. 2023ರ ನವೆಂಬರ್‌ನಲ್ಲಿ ಆಗಿನ ನಗರಪಾಲಿಕೆ ಬಿಬಿಎಂಪಿ ಇಲ್ಲಿನ ವ್ಯಾಪಾರಿಗಳನ್ನು ಎಬ್ಬಿಸಿತು. ನಡೆಯಲು ಜಾಗ ಸಿಕ್ಕಿತೆಂದು ಕೆಲವರಿಗೆ ಸಮಾಧಾನ. ಅಂದಿನ ಸಂಪಾದನೆ ಅಂದಿಗೇ ಕರಗುವ ಮನೆಗಳು ಕಂಗಾಲು.

ಇದನ್ನು ಕಾನೂನು ಪಾಲಿಸುವವರಿಗೂ ಮುರಿಯುವವರಿಗೂ ನಡುವಿನ ಜಗಳವೆಂದು ನೋಡುವುದು ತಪ್ಪು. ಬದುಕುವ ಹಕ್ಕಿನೊಳಗೆ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಹೇಳಿತು. ಅಡೆತಡೆಯಿಲ್ಲದ ಫುಟ್‌ಪಾತ್ ಪಾದಚಾರಿಯ ಹಕ್ಕು ಎಂದು 2025ರ ಮೇ ತಿಂಗಳಲ್ಲಿ ಹೇಳಿದ್ದೂ ಅದೇ ಕೋರ್ಟು. ಎರಡಕ್ಕೂ ಆಧಾರ ಸಂವಿಧಾನದ 21ನೇ ವಿಧಿಯೇ.

ಈ ಬಗೆಯ ಬಿಕ್ಕಟ್ಟನ್ನೇ ರಾಜಕೀಯ ಚಿಂತಕ ಐಸಾಯ ಬರ್ಲಿನ್ 1958ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಎತ್ತಿದ್ದರು. ಒಳ್ಳೆಯವು ಹಲವು; ಅವು ಪರಸ್ಪರ ಎದುರಾಗುತ್ತವೆ; ಒಂದನ್ನು ಆರಿಸಿಕೊಂಡರೆ ಇನ್ನೊಂದು ನಿಜವಾಗಿಯೂ ಕೈತಪ್ಪುತ್ತದೆ. ಮೌಲ್ಯ ಬಹುತ್ವ ಎಂದರೆ ಇದು. ಮಾರುಕಟ್ಟೆಯಲ್ಲಿ ಹೂವಿಗೆ ಮೊಳ, ಈರುಳ್ಳಿಗೆ ಕಿಲೋ. ಆದರೂ ಕೊನೆಗೆ ದುಡ್ಡು ಎರಡನ್ನೂ ಒಂದೇ ಲೆಕ್ಕಕ್ಕೆ ತರುತ್ತದೆ. ಅಜ್ಜಿಯ ನಡಿಗೆಗೂ ಹೂವಾಡಗಿತ್ತಿಯ ಅನ್ನಕ್ಕೂ ಅಂಥ ನಾಣ್ಯವಿಲ್ಲ. ಫುಟ್‌ಪಾತ್ ತೆರವಾಗಲಿ ಎನ್ನುವ ಮನೆಯವರೇ ವರಮಹಾಲಕ್ಷ್ಮಿ ಹಬ್ಬಕ್ಕೆ ಅಲ್ಲೇ ಕನಕಾಂಬರ ಕೊಳ್ಳುತ್ತಾರೆ. ಅದು ಬೂಟಾಟಿಕೆಯಲ್ಲ, ಎರಡೂ ಅವರಿಗೆ ಬೇಕು.

ಮೌಲ್ಯಗಳನ್ನು ಅಳೆಯಲು ಒಂದೇ ನಾಣ್ಯವಿಲ್ಲವೆಂದಾದರೆ ಉದಾರವಾದವು ಸ್ವಾತಂತ್ರ್ಯಕ್ಕೇ ಮೊದಲ ಮಣೆ ಹಾಕುವುದೇಕೆ ಎಂದು ಇನ್ನೊಬ್ಬ ಚಿಂತಕ ಜಾನ್ ಗ್ರೇ ಪ್ರಶ್ನಿಸಿದರು. ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ಉತ್ತರ ಮೌಲ್ಯಗಳನ್ನು ಮೇಲು ಕೀಳಾಗಿ ಜೋಡಿಸುವುದರಲ್ಲಿ ಸಿಗುವುದಿಲ್ಲ. ನಷ್ಟ ಹೊರುವವರ ಮಾತನ್ನು ಮೊದಲು ಕೇಳಿ, ಆಮೇಲೆ ತೀರ್ಮಾನಿಸುವ ಕ್ರಮದಲ್ಲಿ ಸಿಗುತ್ತದೆ.

ಆ ಕ್ರಮ ನಮ್ಮಲ್ಲಿ ಕಾನೂನಾಗಿಯೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳು ಕನಿಷ್ಠ ಶೇ 40ರಷ್ಟು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗದಷ್ಟು ಮಹಿಳೆಯರು. ನಿವಾಸಿಗಳ ಸಂಘಗಳಿಗೂ ಅಲ್ಲಿ ಸ್ಥಾನವಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆ ಎಬ್ಬಿಸುವುದಾದರೂ 30 ದಿನ ಮೊದಲೇ ನೋಟಿಸ್ ಕೊಡಬೇಕು. ದೂರು ಬಂದೊಡನೆ ಲಾರಿ ಕಳಿಸಿ ತೆರವು ಮಾಡುವುದಕ್ಕಿಂತ ಇದು ನಿಧಾನ. ಆದರೂ ಇದೇ ಬೇಕು.

ಬಹುತ್ವವೆಂದರೆ ಎಲ್ಲವೂ ನಡೆಯುತ್ತದೆ ಎಂದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ 1.8 ಮೀಟರ್ ದಾರಿ ಬಿಡಲೇಬೇಕು. ಗಾಲಿಕುರ್ಚಿಯಲ್ಲಿ ಬರುವವರ ಪಾಲಿಗೆ ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ಅಷ್ಟು ಅಗಲ ಉಳಿಯದ ಕಡೆ ವ್ಯಾಪಾರಿ ಸರಿಯಬೇಕಾಗುತ್ತದೆ. ಆಗ ಅವರಿಗೆ ಕೊಡುವ ಬದಲಿ ಜಾಗ ಗಿರಾಕಿ ಸುಳಿಯದ ಮೂಲೆಯಾಗಬಾರದು. ಬಸ್ಸಿಳಿದ ಜನ ಹಾದುಹೋಗುವ ದಾರಿಯಲ್ಲೇ, ಸಾಧ್ಯವಾದರೆ 4ನೇ ಬ್ಲಾಕ್‌ನಲ್ಲೇ, ಅದನ್ನು ಗುರುತಿಸಬೇಕು.